ಇಪ್ಪತ್ತು ನಿಮಿಷದ ಕುರ್ಚಿ

ಸಾಮಾನು ಕೊಳ್ಳಲು ಹೋದ ಅಂಗಡಿಯಲ್ಲಿ ಕೂರಬಾರದು. ಯಾರು ಏನು ಸಲಹೆ ಕೇಳಿದರೂ, ಕೇಳದಿದ್ದರೂ, ನಾನು ಶುರುಮಾಡುವುದು ಇದರಿಂದಲೇ. "ಬೈಠೋ ಸೇಠ್" ಎಂದು ಅಂಗಡಿಯವನು ಸ್ಟೂಲು ಸರಿಸಿದ ಅಂದರೆ ನಿಮ್ಮ ಕಾಲು ನೋಡಿ ಅವನಿಗೆ ಕನಿಕರ ಬಂತು ಅಂತಲ್ಲ. ಕೂತವನಿಗೆ ಚಹಾ ಬರುತ್ತದೆ, ಚಹಾ ಕುಡಿದವನಿಗೆ ದಾಕ್ಷಿಣ್ಯ ಬರುತ್ತದೆ. ದಾಕ್ಷಿಣ್ಯಕ್ಕೆ ಬಸುರಾದರೆ ಹೆರಲು ಜಾಗವಿಲ್ಲ ಅಂತ ನಮ್ಮ ಹಿರಿಯರು ಸುಮ್ಮನೆ ಹೇಳಿದ್ದಲ್ಲ. ನಿಂತೇ ಮಾತಾಡಬೇಕು. ಒಂದು ಕಾಲು ಹೊರಗಿನ ಕಡೆ ತಿರುಗಿರಬೇಕು. ಕೂತವನು ಸೋತ.

ಈ ಒಂದು ಪಾಠದ ಬಲದಿಂದ ನಾನು ಠಾಣೆಯ ನೌಪಾಡಾದಲ್ಲಿ ಮೂವತ್ತು ವರ್ಷ ಹೋಟೆಲು ನಡೆಸಿದೆ, ಡೊಂಬಿವಲಿಯಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟು ಮಾಡಿದೆ, ಮಗಳ ಮದುವೆ ಮಾಡಿದೆ. ಇದೇ ಪಾಠ ನನ್ನ ಹೆಂಡತಿಯನ್ನು ಮನೆಯಿಂದ ಹೊರಡಿಸುವ ತನಕ ಬಂದದ್ದು ಹೋದ ಮೇ ತಿಂಗಳಲ್ಲಿ.

ಅದಕ್ಕಿಂತ ಆರು ತಿಂಗಳ ಹಿಂದೆ, ದೀಪಾವಳಿಗೆ, ಹೋಟೆಲನ್ನು ಕಂಡಕ್ಟಿಂಗಿಗೆ ಕೊಟ್ಟಿದ್ದೆ. ಅಂದರೆ ಬೋರ್ಡು ನನ್ನದೇ, ಒಳಗಿನ ಬೆವರು ಮಾತ್ರ ಬೇರೆಯವರದು; ತಿಂಗಳಿಗೆ ಇಷ್ಟು ಅಂತ ನನ್ನ ಕೈಗೆ ಬರುತ್ತದೆ. ಕೊಟ್ಟದ್ದು ಯಾಕೆಂದು ಕೇಳಿದವರಿಗೆ ಮಂಡಿನೋವು ಅಂದೆ. ನಿಜ ಬೇರೆ. ಮೂವತ್ತು ವರ್ಷ ಊರಿಗೆಲ್ಲ ನಾಲ್ಕು ಗಂಟೆಯ ಕಾಫಿ ಕೊಟ್ಟವನು ನಾನು. ನಾಲ್ಕು ಗಂಟೆಗೆ ನನ್ನ ಹೆಂಡತಿಯ ಎದುರು ಕೂತು ಒಂದು ಲೋಟ ಕಾಫಿ ಕುಡಿದವನಲ್ಲ. ಅದೊಂದು ಆಸೆ ಇತ್ತು. ಅವಳಿಗೆ ಹೇಳಲಿಲ್ಲ. ಬೇಕಾದದ್ದನ್ನು ಬೇಕು ಅಂತ ತೋರಿಸಿದರೆ ಬೆಲೆ ಏರುತ್ತದೆ, ಅದು ಎರಡನೇ ಪಾಠ.

ಅವಳು ಶಾಲೆಯಲ್ಲಿ ಗಣಿತದ ಟೀಚರ್ ಆಗಿದ್ದವಳು. ರಿಟೈರ್ ಆದ ಮೇಲೆ ಲ್ಯಾಪ್‌ಟಾಪಿನಲ್ಲಿ ಹತ್ತನೇ ಕ್ಲಾಸಿನ ಮಕ್ಕಳಿಗೆ ಟ್ಯೂಷನ್, ಮಧ್ಯಾಹ್ನ ಮೂರರಿಂದ ಆರು, ನಡುವೆ ನಾಲ್ಕಕ್ಕೆ ಹತ್ತು ನಿಮಿಷ ಬಿಡುವು. ಮಂಚದ ಮೇಲೆ ಕಾಲು ಮಡಚಿ, ಕಪಾಟಿಗೆ ಬೆನ್ನು ಕೊಟ್ಟು ಕೂರುತ್ತಿದ್ದಳು. ನಾನು ಮನೆಯಲ್ಲಿಲ್ಲದ ಕಾಲದಲ್ಲಿ ಇದು ಚೆನ್ನಾಗಿಯೇ ನಡೆದಿತ್ತು.

ನನ್ನ ಸ್ವರದ ಬಗ್ಗೆ ಒಂದು ಮಾತು ಹೇಳಬೇಕು. ಅದು ಗಲ್ಲಾದಲ್ಲಿ ಕೂತು ಅಡುಗೆಮನೆಯ ಕೊನೆಯ ಒಲೆಯವನಿಗೆ ಕೇಳಿಸಲು ತಯಾರಾದ ಸ್ವರ. ಬಾಗಿಲಿಗೆ ಅದು ಬಗ್ಗುವುದಿಲ್ಲ. ಒಂದು ದಿನ ಹಾಲಿನಲ್ಲಿ ಕೂತು ಫೋನಿನಲ್ಲಿ ಗೆಳೆಯನೊಬ್ಬನಿಗೆ, ವಾಶಿ ಮಾರ್ಕೆಟಿನಲ್ಲಿ ತೆಂಗಿನಕಾಯಿಯನ್ನು ಹೇಗೆ ಕೇಳಬೇಕು, ಕೇಳಿ ಹೇಗೆ ಮುಖ ತಿರುಗಿಸಬೇಕು ಎಂದು ಹೇಳಿಕೊಡುತ್ತಿದ್ದೆ. ಒಳಗಿನಿಂದ ಲ್ಯಾಪ್‌ಟಾಪಿನ ಹುಡುಗಿಯೊಬ್ಬಳ ಪ್ರಶ್ನೆ ಕೇಳಿಸಿತು: "ಮ್ಯಾಡಮ್, ಕಾಕಾ ನಾರಳ ಕಿತೀಲಾ ಮ್ಹಣಾಲೇ?" ಕಾಕಾ ತೆಂಗಿನಕಾಯಿಗೆ ಎಷ್ಟು ಅಂದರು ಅಂತ. ಉಳಿದ ಮಕ್ಕಳು ನಕ್ಕರು. ನನ್ನ ಹೆಂಡತಿ ನಗಲಿಲ್ಲ.

ಅವಳು ಬಯ್ಯುವುದು ತುಳುವಿನಲ್ಲಿ, ಲೆಕ್ಕ ಬಿಡಿಸುವುದು ಮರಾಠಿಯಲ್ಲಿ. ಕನ್ನಡದಲ್ಲಿ ನಿಧಾನವಾಗಿ ಮಾತಾಡಿದಳು ಅಂದರೆ ತೀರ್ಪು ಬರೆದಾಗಿದೆ ಅಂತ ಅರ್ಥ.

"ಕೇಳಿತಾ? ಸ್ಟೇಷನ್ ಹತ್ತಿರ ಅಭ್ಯಾಸಿಕಾ ಉಂಟಲ್ಲ, ಮಕ್ಕಳು ತಿಂಗಳಿಗೆ ದುಡ್ಡು ಕೊಟ್ಟು ಕೂತು ಓದುವುದು, ಅಲ್ಲಿ ಒಂದು ಗಾಜಿನ ಕೋಣೆ ಖಾಲಿ ಉಂಟಂತೆ. ಜೂನಿನಿಂದ ನಾನು ಅಲ್ಲಿಂದಲೇ ಕಲಿಸುತ್ತೇನೆ. ಎರಡೂವರೆಗೆ ಹೋದರೆ ಏಳಕ್ಕೆ ಬಂದೆ."

"ಮತ್ತೆ ನಾನು?"

"ಮೂವತ್ತು ವರ್ಷ ನೀವು ಹೊರಗಿದ್ರಿ. 'ಮತ್ತೆ ನಾನು' ಅಂತ ನಾನು ಒಂದು ದಿನ ಕೇಳಿದ್ದೇನಾ?"

ಲೆಕ್ಕದಲ್ಲಿ ಸೋತಾಗ ಚೌಕಾಶಿ ಮಾಡಬೇಕು. ಮನೆಯಲ್ಲೇ ಆಫೀಸಿನ ಹಾಗೆ ಕೋಣೆ ಮಾಡಿಕೊಡುತ್ತೇನೆ, ಮಳೆಗಾಲ ಮುಗಿಯುವ ತನಕ ಟೈಮು ಕೊಡು ಅಂದೆ. ಅವಳು ಹದಿನೈದು ದಿನ ಅಂದಳು. ಮೇ ಮೂವತ್ತೊಂದಕ್ಕೆ ಮಾತು ನಿಂತಿತು.

"ಬಾಗಿಲು ಹಾಕುವ ಕೋಣೆ ಬೇಕು. ಒಂದೇ ಜಾಗದಲ್ಲಿ ಮೂರು ಗಂಟೆ ಕೂರುವ ಹಾಗಿರಬೇಕು. ಆಗದಿದ್ದರೆ ಒಂದನೇ ತಾರೀಕು ಅಭ್ಯಾಸಿಕಾದವನಿಗೆ ಟೋಕನ್ ಅಡ್ವಾನ್ಸು."

"ಅದರಲ್ಲಿ ಒಂದು ಮೂಲೆ ನನಗೆ," ಅಂದೆ. "ವಿಶ್ರಾಂತಿಗೆ. ಫೋನ್ ಬಂದರೆ ಎದ್ದು ಹೊರಗೆ ಹೋಗುತ್ತೇನೆ."

"ಸ್ವರ ಬಂದರೂ ಹೊರಗೆ."

ಒಪ್ಪಂದವಾಯಿತು.

ಸಣ್ಣ ಬೆಡ್‌ರೂಮಿನಲ್ಲಿದ್ದ ಮದುವೆಯ ಉಡುಗೊರೆಗಳು, ಮೂರು ಕೊಳಗ, ಇಡ್ಲಿ ಬೇಯಿಸುವ ಎರಡು ದೊಡ್ಡ ಪಾತ್ರೆ, ಯಾವ ಬಾಟ್ಲಿಯದೆಂದು ಗೊತ್ತಿಲ್ಲದ ಒಂದು ಗೋಣಿ ಮುಚ್ಚಳ, ಎಲ್ಲ ಖಾಲಿ ಮಾಡಿದೆ. ಮತ್ತೆ ಹೊರಟೆ ನನಗೆ ಗೊತ್ತಿರುವ ಒಂದೇ ಕೆಲಸಕ್ಕೆ.

ಕಲ್ಯಾಣದಲ್ಲಿ ಸ್ಟೇಷನ್ನಿನ ಹತ್ತಿರ ನಮ್ಮ ಕಡೆಯವರದೇ ಹೋಟೆಲೊಂದು ಮುಚ್ಚುವುದರಲ್ಲಿತ್ತು. ಹೋಟೆಲು ಮುಚ್ಚುವವನ ಹತ್ತಿರ ಹೋಗುವಾಗ ಎರಡು ವಿಷಯ ನೆನಪಿಡಿ: ಬೆಳಿಗ್ಗೆ ಹೋಗಬೇಡಿ, ಬೆಳಿಗ್ಗೆ ಅವನಿಗೆ ಇನ್ನೂ ಆಸೆ ಇರುತ್ತದೆ. ಮತ್ತು ಸಾಮಾನಿನ ಮುಂದೆ ನಿಂತು ಮೊದಲು ಒಂದು ನಿಟ್ಟುಸಿರು ಬಿಡಿ, ಬೆಲೆ ಆಮೇಲೆ ಕೇಳಿ. ಮಾರ್ಬಲ್ ಹಾಸಿನ ಮೇಜು, ಕಬ್ಬಿಣದ ಕಾಲು. ಬೆರಳು ಒದ್ದೆ ಮಾಡಿ ಕಲ್ಲಿನ ಮೇಲೆ ಎಳೆದೆ. ಕೂದಲಿನಷ್ಟು ಬಿರುಕು ಮೂಡಿತು. ಅವನ ಮುಖ ನೋಡಿದೆ ಅಷ್ಟೆ. ಬೆಲೆ ತನ್ನಷ್ಟಕ್ಕೆ ಇಳಿಯಿತು.

ಜೊತೆಗೆ ನಾಲ್ಕು ಸಾಗುವಾನಿಯ ಕುರ್ಚಿ. ಕೂರಲಿಲ್ಲ, ಪಾಠ ಮರೆಯುವವನಲ್ಲ ನಾನು. ಬೆನ್ನಿನ ಹಲಗೆಯ ಮೇಲೆ ಅಂಗೈ ಇಟ್ಟು ಒತ್ತಿದೆ, ಕಾಲು ಅಲ್ಲಾಡಿಸಿದೆ. ಕೈಗೆ ಕೂಡಲೇ ಪರಿಚಯ ಹತ್ತಿತು. ಹಳೆಯ ಗೆಳೆಯನ ಹೆಗಲು ಮುಟ್ಟಿದ ಹಾಗೆ. ಇದು ಒಳ್ಳೆಯ ಕುರ್ಚಿ ಎಂದು ಕೈ ಹೇಳಿತು, ನಾನು ನಂಬಿದೆ. ನನ್ನ ವಿಶ್ರಾಂತಿಗೆಂದು ಅದೇ ಹೋಟೆಲಿನ ಫ್ಯಾಮಿಲಿ ರೂಮಿನಿಂದ ಕೆಂಪು ರೆಕ್ಸಿನಿನ ಒಂದು ಬೆಂಚು ಸೋಫಾವನ್ನೂ ಎತ್ತಿದೆ. ಒಂದು ನಿಲುವುಗನ್ನಡಿ, ಒಂದು ಗೋಡೆ ಗಡಿಯಾರ ಮೇಲುಕೊಸರು.

ಪುಸ್ತಕದ ರ್‍ಯಾಕಿಗೆ ಕಳಂಬೋಲಿಯ ಕಬ್ಬಿಣದ ಬಜಾರಿಗೆ ಹೋದೆ. ರೆಡಿಮೇಡ್ ರ್‍ಯಾಕು ತರುವವರು ಬಣ್ಣಕ್ಕೆ ದುಡ್ಡು ಕೊಡುತ್ತಾರೆ. ನಾನು ತೂಕಕ್ಕೆ ಕೊಟ್ಟು ವೆಲ್ಡ್ ಮಾಡಿಸಿದೆ. ಮಗಳ ಮನೆ ಪಕ್ಕದ ಕಾಮೋಠೆಯಲ್ಲಿ, ಹಾಗಾಗಿ ಊಟ ಅಲ್ಲೇ ಆಯಿತು. ಕೊನೆಗೆ ಕೋಣೆಗೆ ಎರಡು ಬಿಳಿ ಟ್ಯೂಬ್‌ಲೈಟು, ಗಾಳಿಗೆ ಕಾಗದ ಹಾರುವಂಥ ಒಂದು ಫ್ಯಾನು. ಮೇ ಹದಿನೆಂಟಕ್ಕೆ ಎಲ್ಲ ಮುಗಿದು, ಬಾಗಿಲಲ್ಲಿ ನಿಂತು ನೋಡಿದೆ. ಕಣ್ಣು ತುಂಬಿತು.

ಭಾನುವಾರ ಮಗಳು ಬಂದಳು. ಅವಳು ಹುಟ್ಟಿದ್ದು ಇಲ್ಲಿ. ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಉತ್ತರ ಕೊಡುವುದು ಅವಳ ಕ್ರಮ. ಬಾಗಿಲಲ್ಲೇ ನಿಂತು ಕೋಣೆಯನ್ನು ಮೇಲಿನಿಂದ ಕೆಳಗೆ ನೋಡಿದಳು.

"ಹೇಗುಂಟು ಮಗಾ?"

"ಪಪ್ಪಾ, ಬಢಿಯಾ ಹೈ. ಮೆನು ಕಾರ್ಡ್ ಕಿಧರ್ ಹೈ?"

ಮೆನು ಕಾರ್ಡ್ ಎಲ್ಲಿ ಅಂತ ಯಾಕೆ ಕೇಳಿದಳೋ ನನಗೆ ಅರ್ಥವಾಗಲಿಲ್ಲ. ಹೆಂಡತಿ ಮಾತ್ರ ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು. ಮೂವರೂ ಅಲ್ಲೇ ಕೂತು ಕಾಫಿ ಕುಡಿದೆವು. ಬೇಗ ಕುಡಿದು ಮುಗಿಯಿತು. ಮಗಳು ಯಾಕೋ ಎದ್ದು ಬಾಲ್ಕನಿಗೆ ಹೋದಳು, ನಾನು ಯಾಕೋ ಎದ್ದು ನೀರು ಕುಡಿಯಲು ಹೋದೆ. ಹೆಂಡತಿ ನಿಂತಿದ್ದಳು.

ಸೋಮವಾರ ಕ್ಲಾಸು ಶುರು. ಮೂರಕ್ಕೆ ಕೂತಳು. ಮೂರೂ ಇಪ್ಪತ್ತಕ್ಕೆ ನಾನು ಬಾಗಿಲ ಸಂದಿಯಿಂದ ನೋಡಿದರೆ ಅವಳು ನಿಂತುಕೊಂಡು ವರ್ಗಸಮೀಕರಣ ಬಿಡಿಸುತ್ತಿದ್ದಳು. ನಾಲ್ಕು ಗಂಟೆಗೆ ಕಾಫಿ ಮಾಡಿ ಕರೆಯುವಷ್ಟರಲ್ಲಿ ಅವಳು ಒಳಕೋಣೆಯ ಮಂಚದ ಮೇಲೆ ಉದ್ದಕ್ಕೆ ಮಲಗಿ ಸೊಂಟ ನೀವಿಕೊಳ್ಳುತ್ತಿದ್ದಳು. ಮಂಗಳವಾರವೂ ಅದೇ. ದೂರು ಇಲ್ಲ, ತಕರಾರಿಲ್ಲ. ಕೂರುವುದು, ಏಳುವುದು. ನಾನು ನನ್ನ ಕೆಂಪು ಬೆಂಚಿನ ಮೇಲೆ ವಿಶ್ರಾಂತಿಗೆ ಕೂತರೂ ಅಷ್ಟೆ. ಸ್ವಲ್ಪ ಹೊತ್ತಿಗೆ ನನಗೇ ತಿಳಿಯದೆ ಅಡುಗೆಮನೆಯಲ್ಲಿ ನಿಂತಿರುತ್ತಿದ್ದೆ, ಏನು ತರಲು ಬಂದೆ ಎಂದು ಯೋಚಿಸುತ್ತ.

ಗುರುವಾರ ಸಂಜೆ ಅವಳು ತನ್ನ ನೋಟ್‌ಬುಕ್ಕನ್ನು ನನ್ನ ಮುಂದಿಟ್ಟಳು. ಗಣಿತದವರ ಹತ್ತಿರ ಜಗಳ ಕಷ್ಟ ಯಾಕೆಂದರೆ ಅವರು ಬರೆದಿಡುತ್ತಾರೆ.

"ನಾನು: ಹದಿನೇಳು ನಿಮಿಷ, ಹತ್ತೊಂಬತ್ತು, ಹದಿನಾರು, ಹದಿನೆಂಟು. ಮಗಳು: ಹನ್ನೆರಡು. ನೀವು: ಹದಿನಾಲ್ಕು, ಹದಿನೈದು, ಹದಿನಾಲ್ಕು. ಈ ಕೋಣೆಯಲ್ಲಿ ಇಪ್ಪತ್ತು ನಿಮಿಷ ದಾಟಿದವರು ಒಬ್ಬರೂ ಇಲ್ಲ. ಕುರ್ಚಿಯಲ್ಲಿ ಏನೋ ಉಂಟು. ಎಂತ ಅಂತ ಹೇಳಿ."

ನಾನು ಕುರ್ಚಿಯನ್ನು ಮಗುಚಿ ಹಾಕಿದೆ. ಅಡಿ ನೋಡಿದವನೇ ಬೆರಳಿಟ್ಟು ಅಳೆದೆ. ಮುಂದಿನ ಎರಡು ಕಾಲು ಹಿಂದಿನದಕ್ಕಿಂತ ಅರ್ಧ ಬೆರಳು ಗಿಡ್ಡ. ನೀಟಾಗಿ ಗರಗಸ ಹಾಕಿ ಕತ್ತರಿಸಿದ್ದು.

ಹೇಳದೆ ವಿಧಿಯಿಲ್ಲ, ಹೇಳಿದೆ. ನಾನು ಮೊದಲು ಕೆಲಸಕ್ಕಿದ್ದ ಹೋಟೆಲಿನ ಯಜಮಾನರು ಹೇಳಿಕೊಟ್ಟ ವಿದ್ಯೆ ಅದು. ಬೆಳಗಿನ ರಶ್ಶಿನಲ್ಲಿ ಗಿರಾಕಿ ಒಂದು ಕಾಫಿ ಹಿಡಿದು ಪೇಪರು ಬಿಡಿಸಿ ಕೂತರೆ ನಮ್ಮ ಕತೆ ಮುಗಿಯಿತು. ಹಾಗಂತ ಏಳಿ ಅನ್ನುವ ಹಾಗಿಲ್ಲ. "ಗಿರಾಕಿಗೆ ಏಳು ಅಂತ ನಾವು ಹೇಳಬಾರದು, ಕುರ್ಚಿ ಹೇಳಬೇಕು" ಅನ್ನುತ್ತಿದ್ದರು. ಮುಂಗಾಲು ಅರ್ಧ ಬೆರಳು ಕತ್ತರಿಸಿದರೆ ಕೂತವನು ಮೆಲ್ಲಗೆ ಮುಂದಕ್ಕೆ ಜಾರುತ್ತಾನೆ. ಬೆನ್ನು ನೆಟ್ಟಗಿದ್ದರೆ ಒರಗಲಾರ. ಮಾರ್ಬಲ್ಲಿನ ಮೇಲೆ ಮೊಣಕೈ ಇಟ್ಟರೆ ತಣ್ಣಗೆ. ಬಿಳಿ ಟ್ಯೂಬು ಕಣ್ಣಿಗೆ, ಫ್ಯಾನು ಪೇಪರಿಗೆ. ಎದುರು ಕನ್ನಡಿ ಇಟ್ಟರೆ ತಿನ್ನುವಾಗ ತನ್ನ ಬಾಯಿಯನ್ನು ತಾನೇ ನೋಡಲು ಯಾರಿಗೂ ಇಷ್ಟವಿಲ್ಲ. ಗಡಿಯಾರ ಏಳು ನಿಮಿಷ ಮುಂದೆ. ನನ್ನ ನೌಪಾಡಾದ ಹೋಟೆಲಿನಲ್ಲಿ ಇದಿಷ್ಟನ್ನೂ ನಾನೇ ನಿಂತು ಮಾಡಿಸಿದ್ದೆ. ಕಲ್ಯಾಣದಲ್ಲಿ ಕೈಗೆ ಹತ್ತಿದ ಆ ಪರಿಚಯ ಇದೇ.

ಹೆಂಡತಿ ಕನ್ನಡಿ ನೋಡಿದಳು, ಟ್ಯೂಬ್‌ಲೈಟು ನೋಡಿದಳು, ತನ್ನ ಕೈಗಡಿಯಾರ ನೋಡಿ ಗೋಡೆಯದನ್ನು ನೋಡಿದಳು.

"ಅಂದರೆ ನನ್ನನ್ನು ಮನೆಯಲ್ಲಿ ಉಳಿಸಲಿಕ್ಕೆ, ಮನುಷ್ಯರನ್ನು ಓಡಿಸುವ ಸಾಮಾನೆಲ್ಲ ಒಟ್ಟು ಮಾಡಿ ತಂದ್ರಿ."

"ಅಗ್ಗಕ್ಕೆ ಸಿಕ್ಕಿತು ಮಾರಾಯ್ತಿ."

ಆಗ ನಗು ಬಂತು ಅವಳಿಗೆ. ನಗು ನಿಂತ ಮೇಲೆ ಕನ್ನಡದಲ್ಲಿ, ನಿಧಾನವಾಗಿ, "ನೀವು ನೆಟ್ಟಗೆ ಕೂತದ್ದನ್ನು ನಾನು ನೋಡಿಯೇ ಇಲ್ಲ," ಅಂದಳು. "ಊಟಕ್ಕೂ ಅರ್ಧ ಎದ್ದ ಹಾಗೆ ಕೂರ್ತೀರಿ. ಕೂರುವ ಸಾಮಾನು ನಿಮಗೆ ಹೇಗೆ ಗೊತ್ತಾಗಬೇಕು?"

ಹೌದಲ್ಲ ಅನ್ನಿಸಿತು. ಹೋಟೆಲಿನಲ್ಲಿ ಗಲ್ಲಾದ ಎತ್ತರದ ಸ್ಟೂಲು. ಅದರ ಮೇಲೆ ಕೂರುವುದಲ್ಲ, ಆತುಕೊಳ್ಳುವುದು. ಉಳಿದಂತೆ ಡೊಂಬಿವಲಿ ಲೋಕಲ್ಲಿನ ನಾಲ್ಕನೇ ಸೀಟು. ಮೂವರ ಬೆಂಚಿನಲ್ಲಿ ನಾಲ್ಕನೆಯವನಿಗೆ ಸಿಗುವುದು ಅರ್ಧ ಕುಂಡೆಯ ಜಾಗ, ಉಳಿದರ್ಧ ಗಾಳಿಯಲ್ಲಿ. ಅದನ್ನೇ ನಾನು ಮೂವತ್ತು ವರ್ಷ ಸೌಕರ್ಯ ಅಂದುಕೊಂಡಿದ್ದೆ.

ಮೇ ಮೂವತ್ತೊಂದಕ್ಕೆ ಇನ್ನು ಒಂದು ವಾರ. ಅಭ್ಯಾಸಿಕಾದವನು ಎರಡು ಸಲ ಫೋನು ಮಾಡಿ ಆಗಿತ್ತು.

ಶನಿವಾರ ಇಬ್ಬರೂ ಠಾಣೆಗೆ ಹೋಗಿ ಅಲ್ಲಿಂದ ನವಿ ಮುಂಬಯಿಯ ಗಾಡಿ ಹಿಡಿದು ತುರ್ಭೆಯಲ್ಲಿ ಇಳಿದೆವು. ಅಲ್ಲೊಂದು ಗೋದಾಮಿನಲ್ಲಿ ಕಂಪನಿಗಳು ಖಾಲಿ ಮಾಡಿದ ಆಫೀಸಿನ ಕುರ್ಚಿ ಮೇಜುಗಳು ರಾಶಿ ಬಿದ್ದಿರುತ್ತವೆ. ಹೊಸದು ಕೊಳ್ಳುವವರು ಒಮ್ಮೆ ಅಲ್ಲಿ ಹೋಗಿ ನೋಡಿ, ಆಮೇಲೆ ನನ್ನ ಮಾತು ನೆನೆಸಿಕೊಳ್ಳುತ್ತೀರಿ. ದಾರಿಯುದ್ದಕ್ಕೂ ಹೆಂಡತಿಗೆ ತಾಕೀತು ಮಾಡಿದ್ದೆ: ನೀನು ಏನೂ ಮಾತಾಡಬೇಡ, ಯಾವುದನ್ನೂ ಹೊಗಳಬೇಡ, ಮುಖ್ಯವಾಗಿ ಕೂರಬೇಡ.

ಅವಳು ಒಳಗೆ ಹೋದವಳೇ ಮೊದಲ ಕುರ್ಚಿಯಲ್ಲಿ ಕೂತಳು. ಚೀಲದಿಂದ ಮಕ್ಕಳ ಉತ್ತರಪತ್ರಿಕೆ ತೆಗೆದಳು. ಕೆಂಪು ಪೆನ್ನು ತೆಗೆದಳು. ಗಡಿಯಾರ ನೋಡಿಕೊಂಡು ತಿದ್ದಲು ಶುರುಮಾಡಿದಳು.

ನಾನು ಕಣ್ಣಿನಲ್ಲೇ "ಎದ್ದೇಳು" ಅಂದೆ. ಅವಳು ಬಾಯಿಯಲ್ಲೇ "ಇನ್ನೂ ನಾಲ್ಕೇ ನಿಮಿಷ ಆದದ್ದು," ಅಂದಳು.

ಅಂಗಡಿಯವನು ಅರವತ್ತರ ಹತ್ತಿರದ ಮನುಷ್ಯ, ಬಿಳಿ ಶರ್ಟು, ಕಿವಿಯ ಮೇಲೆ ಪೆನ್ಸಿಲು. ಇಂಥ ಗಿರಾಕಿಯನ್ನು ಅವನೂ ನೋಡಿರಲಿಲ್ಲ. ಅವಳು ಮೂರನೇ ಕುರ್ಚಿಗೆ ಹೋದಳು, ಐದನೆಯದಕ್ಕೆ ಹೋದಳು. ಐದನೆಯದರಲ್ಲಿ ಪೆನ್ನು ನಿಲ್ಲಲೇ ಇಲ್ಲ. ಅರ್ಧ ಗಂಟೆ ದಾಟಿತು. "ಇದು," ಅಂದಳು. ಜೋರಾಗಿ, ಅಂಗಡಿಯವನ ಎದುರಿಗೇ. ನನ್ನ ಎದೆ ಒಡೆಯಿತು. ಇನ್ನು ಚೌಕಾಶಿಗೆ ಏನು ಉಳಿಯಿತು?

ಆದರೂ ಬಿಡಲಿಲ್ಲ. ಆ ಕುರ್ಚಿ, ಒಂದು ಮೇಜು, ಎರಡು ಲ್ಯಾಂಪು ಒಟ್ಟಿಗೆ ಕೇಳಿ ಒಂದು ಗಂಟೆ ನಿಂತು ಜಗ್ಗಿದೆ. ಚಕ್ರ ತಿರುಗಿಸಿ ನಿಟ್ಟುಸಿರು ಬಿಟ್ಟೆ. ಬಟ್ಟೆಯಲ್ಲಿ ಕಲೆ ತೋರಿಸಿದೆ. ಎರಡು ಸಲ ಗೇಟಿನ ತನಕ ಹೋಗಿ ಬಂದೆ. ಅವನು ಹೇಳಿದ ಬೆಲೆಯ ಮುಕ್ಕಾಲಿಗೆ ಬಂದು ನಿಂತ, ಅಲ್ಲಿಂದ ಕಲ್ಲು. ಬಿಸಿಲು ಬೇರೆ. ಮಂಡಿ ನಿಜಕ್ಕೂ ನೋಯುತ್ತಿತ್ತು.

"ಸೇಠ್, ಅಬ್ ತೋ ಬೈಠೋ," ಅಂದ ಅವನು. ಈಗಲಾದರೂ ಕೂತುಕೊಳ್ಳಿ ಅಂತ. ಮೂಲೆಯಲ್ಲಿ ಯಾವನೋ ದೊಡ್ಡ ಸಾಹೇಬ ಕೂತಿದ್ದಿರಬಹುದಾದ ಕಪ್ಪು ಕುರ್ಚಿಯಿತ್ತು. ಕೈಯ ರೆಕ್ಸಿನು ಹರಿದಿತ್ತು, ಬೆನ್ನು ಹಿಂದಕ್ಕೆ ಬಾಗುತ್ತಿತ್ತು, ಎದುರಿಗೊಂದು ಕೂಲರು.

"ಕೂತೇ ಮಾತಾಡಿ ಒಮ್ಮೆ," ಅಂದಳು ಹೆಂಡತಿ. "ಪ್ರಾಣ ಹೋಗುವುದಿಲ್ಲ."

ಆ ಕುರ್ಚಿಯ ದೋಷ ಹುಡುಕಲೆಂದೇ ಕೂತೆ, ಇದು ಸತ್ಯ. ಬೆನ್ನು ಹಿಂದಕ್ಕೆ ಹೋಯಿತು. ಸ್ಪ್ರಿಂಗು ಸಡಿಲ ಎಂದು ಹೇಳಲು ಬಾಯಿ ತೆರೆದದ್ದು ನೆನಪಿದೆ.

ಕಣ್ಣು ಬಿಟ್ಟಾಗ ಗೋದಾಮಿನ ಬಾಗಿಲಲ್ಲಿದ್ದ ಬಿಸಿಲು ಒಳಗಿನ ಗೋಡೆಗೆ ಬಂದಿತ್ತು. ಪಕ್ಕದಲ್ಲಿ ಕೆನೆಗಟ್ಟಿದ ಚಹಾ. ಹೊರಗೆ ಟೆಂಪೋದಲ್ಲಿ ಹೆಂಡತಿಯ ಕುರ್ಚಿ, ಮರದ ಹಾಸಿನ ಒಂದು ಮೇಜು, ಹಳದಿ ಬೆಳಕಿನ ಎರಡು ಟೇಬಲ್ ಲ್ಯಾಂಪು ಏರಿಯಾಗಿತ್ತು. ನನ್ನನ್ನು ಎಬ್ಬಿಸಿದ್ದು, ಇನ್ನು ಏರಬೇಕಾದದ್ದು ನಾನು ಕೂತಿದ್ದ ಕುರ್ಚಿ ಒಂದೇ ಎಂದು.

"ಎಷ್ಟಕ್ಕೆ?" ಎಂದು ಕೇಳಿದೆ. ಅವಳು ಹೇಳಿದ್ದು ಅವನು ಮೊದಲು ಹೇಳಿದ ಬೆಲೆಯ ಅರ್ಧ, ಸಾಹೇಬರ ಕುರ್ಚಿಯೂ ಸೇರಿ. ನನಗೆ ನಿದ್ದೆಯ ಮಂಪರು ಅಂದುಕೊಂಡೆ.

ಟೆಂಪೋಗೆ ಹಗ್ಗ ಬಿಗಿಯುತ್ತ ಅಂಗಡಿಯವನೇ ಬಾಯಿಬಿಟ್ಟ. ನಾನು ಗೊರಕೆ ಶುರುಮಾಡಿದ ಕೂಡಲೇ ಇವಳು ಅವನ ಹತ್ತಿರ ಹೋಗಿ ಪಿಸುಗುಟ್ಟಿದಳಂತೆ: "ನಾನು ಹೇಳುವ ಬೆಲೆಗೆ ಈಗಲೇ ಒಪ್ಪಿಕೊಳ್ಳಿ, ಅವರು ಎದ್ದರೆ ನಿಮಗೆ ಇಷ್ಟೂ ಸಿಗುವುದಿಲ್ಲ." ಅವನು ಇಲ್ಲ ಅನ್ನಲು ಹೊರಟಾಗ ನಾನು ನಿದ್ದೆಯಲ್ಲೇ ಒಮ್ಮೆ "ಜಾಸ್ತಿ" ಅಂದೆನಂತೆ. "ಮೈ ಡರ್ ಗಯಾ," ಅಂದ ಅವನು ಕೈ ಮುಗಿದು, ಹೆದರಿಬಿಟ್ಟೆ ಅಂತ.

"ಎಚ್ಚರ ಇದ್ದಿದ್ದರೆ ನಾನು ಇನ್ನೂ ಇನ್ನೂರು ಇಳಿಸುತ್ತಿದ್ದೆ," ಅಂದೆ ಟೆಂಪೋದಲ್ಲಿ.

"ಎಚ್ಚರ ಇದ್ದಿದ್ದರೆ ನಾವು ಇನ್ನೂ ಅಲ್ಲೇ ನಿಂತಿರುತ್ತಿದ್ದೆವು," ಅಂದಳು.

ಕೋಣೆ ಎರಡನೇ ಸಲ ಖಾಲಿಯಾಯಿತು. ಟ್ಯೂಬ್‌ಲೈಟು ಅಡುಗೆಮನೆಗೆ, ಕನ್ನಡಿ ಮಗಳ ಮನೆಗೆ, ಗಡಿಯಾರ ಸರಿಯಾದ ಹೊತ್ತಿಗೆ ಬಂತು. ಮೇಜು, ಬೆಂಚು, ಮೂರು ಕುರ್ಚಿಗಳನ್ನು ನೌಪಾಡಾದಲ್ಲಿ ಹೋಟೆಲು ನಡೆಸುವವನಿಗೇ ಮಾರಿದೆ, ಅಸಲಿಗಿಂತ ಸ್ವಲ್ಪ ಮೇಲೆಯೇ. ಕುರ್ಚಿಗಳಲ್ಲಿ ಒಂದನ್ನು ಮಾತ್ರ ಇಟ್ಟುಕೊಂಡೆ, ಹೊರಗಿನ ಬಾಗಿಲ ಹತ್ತಿರ. ನಮ್ಮ ಸೊಸೈಟಿಯ ಸೆಕ್ರೆಟರಿ ನೀರಿನ ಟ್ಯಾಂಕಿನ ವಿಷಯ ಮಾತಾಡಲು ಬಂದರೆ ಮೊದಲೆಲ್ಲ ಒಂದೂವರೆ ಗಂಟೆ. ಈಗ ಕಾಲು ಗಂಟೆಗೆ ಅವರಿಗೆ ಬೇರೆ ಕೆಲಸ ನೆನಪಾಗುತ್ತದೆ. ಅಂಥದೊಂದು ನಿಮ್ಮ ಮನೆಯಲ್ಲೂ ಇರಲಿ.

ಮೇ ಮೂವತ್ತೊಂದು. ಮೂರಕ್ಕೆ ಅವಳು ಬಾಗಿಲು ಹಾಕಿ ಕೂತಳು. ನಾನು ನನ್ನ ಮೂಲೆಯಲ್ಲಿ, ಸಾಹೇಬರ ಕುರ್ಚಿಯಲ್ಲಿ, ಫೋನು ಬಂದ್ ಮಾಡಿ, ಪೇಪರು ಹಿಡಿದು ಗಡಿಯಾರವನ್ನೇ ನೋಡುತ್ತಿದ್ದೆ. ಮೂರೂ ಇಪ್ಪತ್ತು. ಅವಳು ಏಳಲಿಲ್ಲ. ಮೂರೂಮುಕ್ಕಾಲು, ಏಳಲಿಲ್ಲ. ನಾಲ್ಕಾಯಿತು, ಬಿಡುವು ಬಂತು. ಕೂತಲ್ಲೇ ಕಾಲು ಚಾಚಿ ಕುರ್ಚಿಯನ್ನು ಅರ್ಧ ಸುತ್ತು ನನ್ನ ಕಡೆ ತಿರುಗಿಸಿದಳು. ಫ್ಲಾಸ್ಕಿನಲ್ಲಿ ಮಾಡಿಟ್ಟ ಕಾಫಿಯನ್ನು ಎರಡು ಲೋಟಕ್ಕೆ ಬಗ್ಗಿಸಿದೆ. ಎದುರಾಬದುರಾಗಿ ಕುಡಿದೆವು. ಕಾಫಿ ಸ್ವಲ್ಪ ಸ್ಟ್ರಾಂಗ್ ಆಗಿತ್ತು.

ಅಷ್ಟರಲ್ಲಿ ಅಭ್ಯಾಸಿಕಾದವನ ಫೋನು. ಅವಳು ಕೇಳಿಸಿಕೊಂಡು, ಫೋನಿಗೆ ಅಂಗೈ ಮುಚ್ಚಿ ನನ್ನನ್ನು ನೋಡಿದಳು.

"ತಿಂಗಳಿಗೆ ಐನೂರು ಕಡಿಮೆ ಮಾಡುತ್ತಾನಂತೆ. ಏನನ್ನಲಿ?"

ಕೇಳದೆ ಇಳಿದ ಬೆಲೆಯನ್ನು ನಾನು ಈ ಜನ್ಮದಲ್ಲಿ ಬಿಟ್ಟವನಲ್ಲ. ಇನ್ನೂ ಐನೂರು ಇಳಿಸು ಅನ್ನು ಎಂದು ನಾಲಿಗೆ ತುದಿಗೆ ಬಂದಿತ್ತು.

"ಬೇಡ ಅನ್ನು," ಅಂದೆ, ನನಗೇ ಕೇಳಿಸದಷ್ಟು ಮೆಲ್ಲಗೆ.

ಅವಳು ಅವನಿಗೆ ಮರಾಠಿಯಲ್ಲಿ, ಮನೆಯಲ್ಲೇ ಜಾಗ ಆಯಿತು ಅಣ್ಣಾ ಎಂದು ಹೇಳಿ ಫೋನಿಟ್ಟಳು. ಮತ್ತೆ ಲೋಟ ಮುಂದೆ ಚಾಚಿದಳು.

"ಇನ್ನೊಂದು ಅರ್ಧ ಸಿಗ್ತದಾ?"

ಫ್ಲಾಸ್ಕು ಖಾಲಿ. ಅಡುಗೆಮನೆಗೆ ಹೋಗಬೇಕು. ನಾನು ಏಳಲು ನೋಡಿದೆ, ಕುರ್ಚಿ ಬಿಡಲಿಲ್ಲ. ಎರಡನೇ ಸಲ ಕೈಯೂರಿ, ಹರಿದ ರೆಕ್ಸಿನು ಹಿಡಿದು ಎದ್ದೆ.